ಕ್ಯಾಲಿಫೋರ್ನಿಯಾದ ಕಂಟ್ರಾಕ್ಟರ್ ಲೈಸೆನ್ಸ್: ಫೈಲು ಎಲ್ಲಿ ನಿಲ್ಲುತ್ತದೆ, ಏಕೆ

ಕ್ಯಾಲಿಫೋರ್ನಿಯಾದಲ್ಲಿ ಕಟ್ಟಡ ಕೆಲಸ ಹಿಡಿಯುವವರಿಗೆ ಲೈಸೆನ್ಸ್ ಕೊಡುವುದು ಸ್ಯಾಕ್ರಮೆಂಟೊದಲ್ಲಿರುವ ಕಂಟ್ರಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡ್. ಇಲ್ಲಿ ಬರೀ ಬೋರ್ಡ್ ಎಂದಿಟ್ಟುಕೊಳ್ಳೋಣ. ಅರ್ಜಿ ಹಾಕುವವರಲ್ಲಿ ಹೆಚ್ಚಿನವರಿಗೆ ಭಯ ಪರೀಕ್ಷೆಯದ್ದು. ಅರ್ಜಿ ತುಂಬಿ, ವಾಪಸ್ ಬಂದದ್ದನ್ನು ತಿದ್ದಿ ಮತ್ತೆ ಕಳಿಸುವ ಕೆಲಸದಲ್ಲಿರುವ ನಮಗೆ ಕಾಣುವುದೇ ಬೇರೆ. ಕೂತು ಓದಿದರೆ ಪರೀಕ್ಷೆ ಪಾಸಾಗುತ್ತದೆ. ಫೈಲು ನಿಂತುಹೋಗುವುದು ಅನುಭವದ ಫಾರಂನಲ್ಲಿ, ಬಾಂಡಿನ (ಜಾಮೀನುಪತ್ರದ) ಮೇಲಿನ ಹೆಸರಿನಲ್ಲಿ, ವಿಮೆಯ ತಾರೀಖಿನಲ್ಲಿ. ಕೈಗೆ ಬಂದ ಲೈಸೆನ್ಸ್ ಆಮೇಲೆ ಸಸ್ಪೆಂಡ್ ಆಗುವುದಕ್ಕೂ ಬಹುಪಾಲು ಇವೇ ಕಾರಣ.

ಲೈಸೆನ್ಸ್ ಇಲ್ಲದೆ ಮಾಡಬಹುದಾದ ಕೆಲಸದ ಮಿತಿ 2025ರ ಜನವರಿ 1ರಿಂದ 1,000 ಡಾಲರ್‌ಗಿಂತ ಕಡಿಮೆ. ಅದಕ್ಕೆ ಮೊದಲು 500 ಇತ್ತು. ಕೂಲಿ, ಸಾಮಾನು ಎಲ್ಲವೂ ಈ ಲೆಕ್ಕದಲ್ಲಿ ಸೇರುತ್ತವೆ. 1,800 ಡಾಲರಿನ ಕೆಲಸಕ್ಕೆ ಎರಡು ಬಿಲ್ ಬರೆದು ತಪ್ಪಿಸಿಕೊಳ್ಳಲು ಬರುವುದಿಲ್ಲ. ಕೆಲಸಕ್ಕೆ ಬಿಲ್ಡಿಂಗ್ ಪರ್ಮಿಟ್ ಬೇಕಿದ್ದರೆ, ಇಲ್ಲವೇ ಒಬ್ಬ ಆಳನ್ನು ಇಟ್ಟುಕೊಂಡರೂ, ಈ ವಿನಾಯಿತಿ ಹೋಯಿತು. ಸಿಕ್ಕಿಬಿದ್ದರೆ ಕ್ರಿಮಿನಲ್ ಕೇಸು ಇದ್ದದ್ದೇ. ಅದಕ್ಕಿಂತ ದೊಡ್ಡ ಹೊಡೆತ ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡಿನ 7031ನೇ ಸೆಕ್ಷನ್ನಿನದು. ಲೈಸೆನ್ಸ್ ಇಲ್ಲದೆ ಮಾಡಿದ ಕೆಲಸದ ಬಾಕಿಗೆ ಕೋರ್ಟ್ ಮೆಟ್ಟಿಲು ಹತ್ತುವಂತಿಲ್ಲ. ಸಾಲದ್ದಕ್ಕೆ, ಗ್ರಾಹಕರು ಆಗಲೇ ಕೊಟ್ಟ ಹಣವನ್ನೂ ಪೂರ್ತಿ ವಾಪಸ್ ಕೇಳಬಹುದು. ಕೆಲಸ ಅಚ್ಚುಕಟ್ಟಾಗಿತ್ತು, ಲೈಸೆನ್ಸ್ ಇಲ್ಲವೆಂದು ಅವರಿಗೆ ಮೊದಲೇ ಗೊತ್ತಿತ್ತು ಎಂಬ ವಾದಗಳು ನಡೆಯುವುದಿಲ್ಲ. ಲೈಸೆನ್ಸ್ ಒಂದು ವಾರ ಸಸ್ಪೆಂಡ್ ಆಗಿದ್ದರೆ ಆ ವಾರದ ಮಟ್ಟಿಗೆ ನೀವೂ ಲೈಸೆನ್ಸ್ ಇಲ್ಲದವರೇ. ಮುಂದೆ ಹೇಳುವ ಕಾಗದಪತ್ರದ ಬಿಗಿಯೆಲ್ಲ ಬರುವುದು ಇಲ್ಲಿಂದ.

ಲೈಸೆನ್ಸ್ ಸಿಗುವುದು ವ್ಯವಹಾರಕ್ಕೆ: ಒಬ್ಬರೇ ನಡೆಸುವ ಸೋಲ್ ಓನರ್, ಪಾಲುದಾರಿಕೆ, ಕಾರ್ಪೊರೇಷನ್ ಅಥವಾ ಮಾಲೀಕರ ಹೊಣೆಗೆ ಮಿತಿಯಿರುವ ಕಂಪನಿಯಾದ ಎಲ್ಎಲ್‌ಸಿ. ಅನುಭವ ತೋರಿಸಿ ಪರೀಕ್ಷೆ ಬರೆಯುವ ವ್ಯಕ್ತಿಯನ್ನು ಕ್ವಾಲಿಫೈಯರ್ ಅನ್ನುತ್ತಾರೆ. ಸೋಲ್ ಓನರ್ ಆದರೆ ಸಾಮಾನ್ಯವಾಗಿ ಇಬ್ಬರೂ ಒಬ್ಬರೇ. ಕಾರ್ಪೊರೇಷನ್ನಿಗೆ ಅಧಿಕಾರಿಯೊಬ್ಬರು ಕ್ವಾಲಿಫೈಯರ್ ಆಗಬಹುದು, ಇಲ್ಲವೇ ಸಂಬಳದ ಮೇಲಿರುವ ನೌಕರ ಆಗಬಹುದು. ನೌಕರನಾದರೆ ವಾರಕ್ಕೆ ಕನಿಷ್ಠ 32 ಗಂಟೆ, ಅಥವಾ ವ್ಯವಹಾರ ನಡೆಯುವ ಅವಧಿಯ ಶೇ. 80, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಹೊತ್ತು ನಿಜವಾಗಿ ಕೆಲಸದಲ್ಲಿರಬೇಕು. ಲೈಸೆನ್ಸ್ ಇರುವ ಪರಿಚಯದವರ ಹೆಸರನ್ನು ತಿಂಗಳ ಬಾಡಿಗೆಗೆ ಪಡೆದು, ಅವರು ಒಮ್ಮೆಯೂ ಸೈಟಿಗೆ ಕಾಲಿಡದೆ ನಡೆಸುವ ಏರ್ಪಾಡು ಬಹಳ ಕಡೆ ಇದೆ. ದೂರು ಬಂದ ದಿನ ಎರಡೂ ಕಡೆಯವರ ಲೈಸೆನ್ಸಿಗೆ ಅದೇ ಕುತ್ತು.

ಎಲ್ಎಲ್‌ಸಿ ಮಾಡಿಕೊಂಡರೆ ಒಳ್ಳೆಯದು ಎಂದು ತೆರಿಗೆ ಸಲಹೆಗಾರರು ಹೇಳುವುದುಂಟು. ಕಂಟ್ರಾಕ್ಟರ್‌ಗೆ ಅದರ ಲೆಕ್ಕವೇ ಬೇರೆ. ಎಲ್ಲರಿಗೂ ಇರುವ ಬಾಂಡ್ ಅಲ್ಲದೆ, ಎಲ್ಎಲ್‌ಸಿಯು ಕೆಲಸಗಾರರ ಹಿತಕ್ಕೆಂದು ಇನ್ನೊಂದು 1,00,000 ಡಾಲರಿನ ಬಾಂಡ್ ಇಡಬೇಕು. ಜೊತೆಗೆ ಲೈಸೆನ್ಸಿನ ದಾಖಲೆಯಲ್ಲಿ ಐದು ಅಥವಾ ಕಡಿಮೆ ಜನರಿದ್ದರೆ 10 ಲಕ್ಷ ಡಾಲರಿನ ಲಯಬಿಲಿಟಿ ವಿಮೆ (ಕೆಲಸದಿಂದ ಬೇರೆಯವರಿಗಾದ ಹಾನಿ ತುಂಬುವ ವಿಮೆ) ಕಡ್ಡಾಯ. ಆಮೇಲೆ ಪ್ರತಿಯೊಬ್ಬರಿಗೂ 1 ಲಕ್ಷ ಸೇರುತ್ತಾ 50 ಲಕ್ಷದವರೆಗೆ ಹೋಗುತ್ತದೆ. ಹೊಸದಾಗಿ ಶುರುಮಾಡುವ ಚಿಕ್ಕ ತಂಡಕ್ಕೆ ಸೋಲ್ ಓನರ್ ಅಥವಾ ಕಾರ್ಪೊರೇಷನ್ ಹಗುರ ಎಂಬುದು ನಮ್ಮ ಅಭಿಪ್ರಾಯ. ಕಾರ್ಪೊರೇಷನ್ ಆದರೆ ಮೊದಲು ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ನೋಂದಣಿ, ಆಮೇಲೆ ಬೋರ್ಡಿಗೆ ಅರ್ಜಿ. ಅಲ್ಲಿ ನೋಂದಣಿಯಾದ ಹೆಸರಿನಲ್ಲಿ ಒಂದು ಕಾಮಾ ಇದ್ದರೆ ಅರ್ಜಿಯಲ್ಲೂ ಆ ಕಾಮಾ ಇರಲಿ. ಇದು ತಮಾಷೆಗೆ ಹೇಳಿದ ಮಾತಲ್ಲ, ಬಾಂಡಿನ ಹತ್ತಿರ ಬಂದಾಗ ಗೊತ್ತಾಗುತ್ತದೆ.

ಇನ್ನು ವರ್ಗ. ರಸ್ತೆ, ಸೇತುವೆ, ಚರಂಡಿಯಂಥ ಎಂಜಿನಿಯರಿಂಗ್ ಕೆಲಸಕ್ಕೆ ‘ಎ’. ಕಟ್ಟಡಗಳ ಸಾಮಾನ್ಯ ಗುತ್ತಿಗೆಗೆ ‘ಬಿ’. ಒಂದೊಂದೇ ಕಸುಬಿಗೆ ‘ಸಿ’: ಸಿ-10 ಎಲೆಕ್ಟ್ರಿಕಲ್, ಸಿ-36 ಪ್ಲಂಬಿಂಗ್, ಸಿ-33 ಪೇಂಟಿಂಗ್, ಸಿ-39 ರೂಫಿಂಗ್, ಸಿ-8 ಕಾಂಕ್ರೀಟ್, ಹೀಗೆ ನಲವತ್ತಕ್ಕೂ ಹೆಚ್ಚು. ‘ಬಿ’ ಲೈಸೆನ್ಸ್ ಇದ್ದವರು ಏನು ಬೇಕಾದರೂ ಮಾಡಬಹುದು ಎಂಬ ತಪ್ಪು ತಿಳಿವಳಿಕೆ ಬಹಳ ಹಳೆಯದು. ಫ್ರೇಮಿಂಗ್ (ಕಟ್ಟಡದ ಚೌಕಟ್ಟು ಕಟ್ಟುವುದು) ಮತ್ತು ಮರಗೆಲಸ ಬಿಟ್ಟು, ಒಂದಕ್ಕೊಂದು ಸಂಬಂಧವಿಲ್ಲದ ಕನಿಷ್ಠ ಎರಡು ಕಸುಬುಗಳು ಕೆಲಸದಲ್ಲಿ ಇರಬೇಕು ಎಂಬುದು ‘ಬಿ’ಯ ಮೂಲ ನಿಯಮ. ಬರೀ ಬಣ್ಣ ಬಳಿಯುವ ಕರಾರನ್ನು ‘ಬಿ’ ಲೈಸೆನ್ಸಿನ ಮೇಲೆ ಹಿಡಿದರೆ ಅದು ವರ್ಗ ಮೀರಿದ ಕೆಲಸ. 2021ರಿಂದ ‘ಬಿ-2’ ಎಂಬುದೂ ಇದೆ. ಈಗಾಗಲೇ ಇರುವ ಮರದ ಚೌಕಟ್ಟಿನ ಮನೆಗಳ ರಿಪೇರಿ, ನವೀಕರಣಕ್ಕೆ. ಅದಕ್ಕೆ ಕನಿಷ್ಠ ಮೂರು ಕಸುಬುಗಳಿರಬೇಕು, ಭಾರ ಹೊರುವ ಗೋಡೆ ಮುಟ್ಟುವಂತಿಲ್ಲ. ಅಡುಗೆಮನೆ, ಬಚ್ಚಲುಮನೆ ಕೆಲಸವನ್ನೇ ನೆಚ್ಚಿಕೊಂಡವರಿಗೆ ಇದು ಸರಿಯಾದ ದಾರಿ. ಫ್ರೇಮಿಂಗ್ ಅನುಭವ ಇಲ್ಲದವರ ‘ಬಿ’ ಅರ್ಜಿ ಸಾಮಾನ್ಯವಾಗಿ ನಿಲ್ಲುವುದು ಇಲ್ಲೇ.

ಇದೆಲ್ಲ ಕ್ಯಾಲಿಫೋರ್ನಿಯಾದ ಮಾತು. ಬೇರೆ ರಾಜ್ಯಕ್ಕೆ ಕಾಲಿಟ್ಟರೆ ನಿಯಮವೂ ಬದಲು. ಟೆಕ್ಸಾಸ್‌ನಲ್ಲಿ ಜನರಲ್ ಕಂಟ್ರಾಕ್ಟರ್‌ಗೆ ರಾಜ್ಯಮಟ್ಟದ ಲೈಸೆನ್ಸೇ ಇಲ್ಲ, ಎಲೆಕ್ಟ್ರಿಕಲ್, ಪ್ಲಂಬಿಂಗ್, ಎ.ಸಿ.ಯಂಥ ಕೆಲವು ಕಸುಬಿನವರಿಗೆ ಮಾತ್ರ ಇದೆ. ಫ್ಲಾರಿಡಾದಲ್ಲಿ ಜನರಲ್ ಕಂಟ್ರಾಕ್ಟರ್‌ಗೆ 3,00,000 ಡಾಲರಿನ ಲಯಬಿಲಿಟಿ, 50,000 ಡಾಲರಿನ ಆಸ್ತಿಹಾನಿ ವಿಮೆ ಲೈಸೆನ್ಸಿಗೇ ಕಡ್ಡಾಯ. ಅರಿಜೋನಾ, ನೆವಾಡಾಗಳ ಜೊತೆ ಕ್ಯಾಲಿಫೋರ್ನಿಯಾಕ್ಕೆ ಒಪ್ಪಂದ ಇರುವುದರಿಂದ ಕೆಲವು ವರ್ಗಗಳಲ್ಲಿ ಕಸುಬಿನ ಪರೀಕ್ಷೆ ಮಾಫಿಯಾಗಬಹುದು. ಕಾನೂನಿನ ಪರೀಕ್ಷೆ ಬರೆಯಲೇಬೇಕು.

ಈಗ ಅನುಭವಕ್ಕೆ ಬರೋಣ. ಅರ್ಜಿಯ ಹಿಂದಿನ ಹತ್ತು ವರ್ಷದೊಳಗೆ ನಾಲ್ಕು ವರ್ಷದ ಪೂರ್ಣಾವಧಿ ಅನುಭವ ಬೇಕು. ಅದೂ ಎಂಥದ್ದು ಎಂದರೆ, ಮೇಲ್ವಿಚಾರಣೆ ಇಲ್ಲದೆ ಸ್ವತಂತ್ರವಾಗಿ ಕೆಲಸ ಮಾಡಬಲ್ಲ ಜರ್ನಿಮನ್ ಮಟ್ಟದ್ದು, ಇಲ್ಲವೇ ಫೋರ್‌ಮನ್, ಸೂಪರ್‌ವೈಸರ್, ಕಂಟ್ರಾಕ್ಟರ್ ಆಗಿ ಮಾಡಿದ್ದು. ಹೆಲ್ಪರ್ ಆಗಿ ಸಾಮಾನು ಹೊತ್ತ ವರ್ಷಗಳು, ಕಲಿಯುತ್ತಿದ್ದ ವರ್ಷಗಳು ಲೆಕ್ಕಕ್ಕಿಲ್ಲ. ಓದಿಗೆ ಸ್ವಲ್ಪ ರಿಯಾಯಿತಿ ಇದೆ: ವರ್ಗಕ್ಕೆ ನೇರ ಸಂಬಂಧಪಟ್ಟ ಎಂಜಿನಿಯರಿಂಗ್ ಪದವಿಗೆ ಗರಿಷ್ಠ ಮೂರು ವರ್ಷ, ಬಿಸಿನೆಸ್, ಅಕೌಂಟಿಂಗ್, ಗಣಿತದಂಥ ಪದವಿಗೆ ಎರಡು ವರ್ಷದವರೆಗೆ. ಎಷ್ಟೇ ಓದಿದ್ದರೂ ಕನಿಷ್ಠ ಒಂದು ವರ್ಷ ಕೈಕೆಲಸದ ಅನುಭವ ಇರಲೇಬೇಕು. ಭಾರತದಲ್ಲಿ ಬಿ.ಇ. ಸಿವಿಲ್ ಮಾಡಿದವರು ಅಂಕಪಟ್ಟಿಯನ್ನು ಹಾಗೇ ಲಗತ್ತಿಸಿದರೆ ಪ್ರಯೋಜನವಿಲ್ಲ. ವಿದೇಶಿ ಪದವಿಯನ್ನು ಅಮೆರಿಕದ ಪದವಿಗೆ ಹೋಲಿಸಿ ವರದಿ ಕೊಡುವ ಮಾನ್ಯತೆ ಪಡೆದ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ಅರ್ಜಿಗೂ ಮೊದಲೇ ಅದನ್ನು ಶುರುಮಾಡುವುದು ಒಳ್ಳೆಯದು, ವಿಶ್ವವಿದ್ಯಾಲಯದಿಂದ ಮುಚ್ಚಿದ ಲಕೋಟೆ ತರಿಸುವುದರಲ್ಲೇ ತಿಂಗಳುಗಳು ಹೋಗಬಹುದು.

ಅನುಭವವನ್ನು ದೃಢೀಕರಿಸುವ ಫಾರಂ ಒಂದಿದೆ. ಇದನ್ನು ತುಂಬುವವರು ನೀವಲ್ಲ, ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರು: ಮಾಲೀಕರು, ಫೋರ್‌ಮನ್, ಜೊತೆಗೆ ದುಡಿದ ಜರ್ನಿಮನ್, ಯೂನಿಯನ್ ಪ್ರತಿನಿಧಿ, ಬಿಲ್ಡಿಂಗ್ ಇನ್‌ಸ್ಪೆಕ್ಟರ್, ಆರ್ಕಿಟೆಕ್ಟ್, ಎಂಜಿನಿಯರ್. ಸುಳ್ಳು ಬರೆದರೆ ಪ್ರಮಾಣಭಂಗದ ಅಪರಾಧಕ್ಕೆ ಒಳಗಾಗುತ್ತೇನೆ ಎಂದು ಒಪ್ಪಿ ಸಹಿ ಹಾಕುತ್ತಾರೆ. ಕೆಲಸದ ವಿವರಕ್ಕೆ ಅದರಲ್ಲಿ ನಾಲ್ಕಾರು ಗೆರೆಯಷ್ಟೇ ಜಾಗ. ಆ ಜಾಗದಲ್ಲಿ ಬರುವ ಬರಹ ಹೆಚ್ಚಾಗಿ ಹೀಗಿರುತ್ತದೆ: “ಎಲ್ಲ ಬಗೆಯ ನಿರ್ಮಾಣ ಕೆಲಸ ಬಲ್ಲವರು, ಪ್ರಾಮಾಣಿಕರು, ಶ್ರಮಜೀವಿ.” ಇದು ಗುಣಗಾನವಾಯಿತು, ಅನುಭವವಾಗಲಿಲ್ಲ. ‘ಬಿ’ ವರ್ಗದ ಅರ್ಜಿಗೆ ಬೇಕಾದ ಬರಹ ಈ ಧಾಟಿಯದು: “ಅಡಿಪಾಯಕ್ಕೆ ಕಾಂಕ್ರೀಟಿನ ಅಚ್ಚು ಕಟ್ಟುವುದು, ಕಬ್ಬಿಣ ಹಾಕುವುದು, ನೆಲ, ಗೋಡೆ, ಚಾವಣಿಯ ಫ್ರೇಮಿಂಗ್, ಡ್ರೈವಾಲ್ ಹಚ್ಚಿ ಫಿನಿಶ್ ಮಾಡುವುದು, ಬಚ್ಚಲುಮನೆ ಟೈಲ್ಸ್, ಕಿಟಕಿ ಬಾಗಿಲು ಕೂರಿಸಿ ಫ್ಲಾಶಿಂಗ್, ಇನ್‌ಸ್ಪೆಕ್ಷನ್‌ಗೆ ಸಿದ್ಧಪಡಿಸುವುದು.” ಓದುವ ಅಧಿಕಾರಿ ಹುಡುಕುವುದು ಎರಡನ್ನೇ: ಫ್ರೇಮಿಂಗ್ ಇದೆಯೇ, ಅದರ ಜೊತೆ ಸಂಬಂಧವಿಲ್ಲದ ಎರಡು ಕಸುಬು ಇವೆಯೇ.

ತಾರೀಖಿನ ಕಾಲಂ ಇನ್ನೂ ಅಪಾಯಕಾರಿ. ಇಬ್ಬರು ಬೇರೆ ಬೇರೆ ಅವಧಿಗೆ ದೃಢೀಕರಿಸಿದರೆ ಆ ಅವಧಿಗಳು ಒಂದರ ಮೇಲೊಂದು ಬಿದ್ದಷ್ಟು ತಿಂಗಳು ಒಮ್ಮೆ ಮಾತ್ರ ಎಣಿಕೆಗೆ ಬರುತ್ತವೆ. ವಾರಕ್ಕೆ 20 ಗಂಟೆ ಮಾಡಿದ ವರ್ಷ ಪೂರ್ತಿ ವರ್ಷವಲ್ಲ. ನಾಲ್ಕು ವರ್ಷವೆಂದರೆ 48 ತಿಂಗಳು. 46 ಬಂದರೂ ವಾಪಸ್. ಸ್ವಂತ ಮನೆ ತಾನೇ ಕಟ್ಟಿಕೊಂಡ ಅನುಭವ ತೋರಿಸುವವರು ಪ್ರತಿ ಪ್ರಾಜೆಕ್ಟಿಗೂ ಬೇರೆ ಫಾರಂ ತುಂಬಬೇಕು, ಪರ್ಮಿಟ್‌ಗಳ ಪ್ರತಿ ಜೊತೆಗಿರಲಿ.

ಕಾನೂನಿನ ಪ್ರಕಾರ ಬೋರ್ಡು ಕನಿಷ್ಠ ಶೇ. 3ರಷ್ಟು ಅರ್ಜಿಗಳ ಅನುಭವವನ್ನು ಆಳವಾಗಿ ತನಿಖೆ ಮಾಡಲೇಬೇಕು. ಆಗ ಕೇಳುವುದು ಸಂಬಳದ ಚೀಟಿ, ಆದಾಯ ತೋರಿಸುವ ತೆರಿಗೆ ಫಾರಂಗಳು (ನೌಕರರಿಗೆ ಡಬ್ಲ್ಯು-2, ಗುತ್ತಿಗೆಯವರಿಗೆ 1099), ಕರಾರು, ಪರ್ಮಿಟ್. ನಗದು ಕೂಲಿ ತೆಗೆದುಕೊಂಡು ದುಡಿದವರ ಕಥೆ ಇಲ್ಲಿಗೆ ಮುಗಿಯುತ್ತದೆ. ದೃಢೀಕರಿಸಿದವರಿಗೂ ಬೋರ್ಡು ಫೋನ್ ಮಾಡಬಹುದು. “ಸಹಿ ಹಾಕಿದ್ದು ಹೌದು, ಅವರು ಏನು ಮಾಡುತ್ತಿದ್ದರೋ ಸರಿಯಾಗಿ ನೆನಪಿಲ್ಲ” ಎಂಬ ಉತ್ತರ ಬಂದರೆ ಫಾರಂ ಇದ್ದೂ ಇಲ್ಲದಂತೆ. ಆದ್ದರಿಂದ ಸಹಿ ಕೇಳುವಾಗಲೇ ತುಂಬಿದ ಫಾರಂನ ಒಂದು ಪ್ರತಿಯನ್ನು ಅವರ ಕೈಯಲ್ಲೂ ಇಡಬೇಕು.

ಅರ್ಜಿ ಶುಲ್ಕ 450 ಡಾಲರ್, ತಿರಸ್ಕೃತವಾದರೂ ವಾಪಸ್ ಬರುವುದಿಲ್ಲ. ಅರ್ಜಿ ತಲುಪಿದ ಮೇಲೆ ಬೋರ್ಡು ಒಂದು ಅರ್ಜಿ ಸಂಖ್ಯೆಯನ್ನೂ ನಾಲ್ಕಂಕಿಯ ಪಿನ್ನನ್ನೂ ಕಳಿಸುತ್ತದೆ. ಅದನ್ನಿಟ್ಟುಕೊಂಡು ಆನ್‌ಲೈನ್‌ನಲ್ಲಿ ಸ್ಥಿತಿ ನೋಡಬಹುದು. ತಿದ್ದಲು ವಾಪಸ್ ಬಂದರೆ ಪತ್ರದಲ್ಲಿ ಕೊಟ್ಟ ಗಡುವಿನೊಳಗೆ ಉತ್ತರಿಸಬೇಕು, ಇಲ್ಲದಿದ್ದರೆ ಅರ್ಜಿ ರದ್ದಾಗಿ ಶುಲ್ಕ ಮತ್ತೆ ಮೊದಲಿನಿಂದ. ಕೇಳಿದ್ದು ಒಂದು ಸಹಿಯಾದರೆ ಒಂದು ಸಹಿಯನ್ನೇ ಕಳಿಸಿ. ಈ ಅವಕಾಶದಲ್ಲಿ ಇನ್ನೊಂದು ವರ್ಗವನ್ನೂ ಸೇರಿಸಿಬಿಡೋಣ ಎಂದು ಹೊರಟವರ ಫೈಲು ಮತ್ತೆ ಸಾಲಿನ ಕೊನೆಗೆ ಹೋಗುತ್ತದೆ.

ಬೆರಳಚ್ಚು ಸುಲಭ. ಅರ್ಜಿ ಸ್ವೀಕಾರವಾದ ಮೇಲೆ ಬೋರ್ಡು ಲೈವ್ ಸ್ಕ್ಯಾನ್ ಫಾರಂ ಕಳಿಸುತ್ತದೆ, ಯಾವುದಾದರೂ ಲೈವ್ ಸ್ಕ್ಯಾನ್ ಕೇಂದ್ರಕ್ಕೆ ಹೋದರೆ ವಿವರ ನೇರವಾಗಿ ರಾಜ್ಯದ ನ್ಯಾಯ ಇಲಾಖೆಗೆ ಹೋಗುತ್ತದೆ. ಹಳೆಯ ಪೊಲೀಸ್ ಕೇಸು ಇದ್ದರೆ ಅರ್ಜಿಯಲ್ಲಿ ಕೇಳಿದಷ್ಟನ್ನು ಮುಚ್ಚಿಡದೆ ಹೇಳಬೇಕು. ಕೇಸಿಗಿಂತ ಮುಚ್ಚಿಟ್ಟದ್ದೇ ದೊಡ್ಡದಾಗುತ್ತದೆ.

ಪರೀಕ್ಷೆ ಎರಡು: ಎಲ್ಲರಿಗೂ ಒಂದೇ ಆದ ಕಾನೂನು ಮತ್ತು ವ್ಯವಹಾರದ ಪರೀಕ್ಷೆ, ಆಯಾ ವರ್ಗದ ಕಸುಬಿನ ಪರೀಕ್ಷೆ. ಎರಡೂ ಕಂಪ್ಯೂಟರಿನ ಮೇಲೆ, ಬಹುಆಯ್ಕೆಯ ಪ್ರಶ್ನೆಗಳು, ಪುಸ್ತಕ ನೋಡುವಂತಿಲ್ಲ. ಫಲಿತಾಂಶ ಅಲ್ಲೇ ಸಿಗುತ್ತದೆ. ಎರಡನ್ನೂ ಪಾಸು ಮಾಡಲು 18 ತಿಂಗಳು ಕಾಲಾವಕಾಶ; ಒಂದರಲ್ಲಿ ಫೇಲಾದರೆ ಶುಲ್ಕ ಕಟ್ಟಿ ಅದೊಂದನ್ನೇ ಮತ್ತೆ ಬರೆಯಬಹುದು. ಕೈಕೆಲಸದಲ್ಲಿ ಇಪ್ಪತ್ತು ವರ್ಷ ಪಳಗಿದವರು ಎಡವುವುದು ಕಾನೂನಿನಲ್ಲಿ, ಅದರಲ್ಲೂ ದಿನಗಳ ಲೆಕ್ಕದಲ್ಲಿ. ಮನೆ ನವೀಕರಣದ ಕರಾರಿಗೆ ಮುಂಗಡ 1,000 ಡಾಲರ್ ಅಥವಾ ಒಟ್ಟು ಮೊತ್ತದ ಶೇ. 10, ಯಾವುದು ಕಡಿಮೆಯೋ ಅದು. 40,000 ಡಾಲರಿನ ಅಡುಗೆಮನೆಗೆ ಮುಂಗಡ 1,000 ಮಾತ್ರ, 4,000 ಅಲ್ಲ. ಸಬ್‌ಕಂಟ್ರಾಕ್ಟರ್ ಸಾಮಾನು ಅಥವಾ ಕೆಲಸ ಶುರುಮಾಡಿದ 20 ದಿನದೊಳಗೆ, ತಾನು ಈ ಕೆಲಸದಲ್ಲಿದ್ದೇನೆಂದು ತಿಳಿಸುವ ಪ್ರಿಲಿಮಿನರಿ ನೋಟಿಸ್ ಕೊಡಬೇಕು. ಕೆಲಸ ಮುಗಿದ ಮೇಲೆ ಮೆಕ್ಯಾನಿಕ್ಸ್ ಲೀನ್ (ಬಾಕಿ ಹಣಕ್ಕಾಗಿ ಆ ಆಸ್ತಿಯ ಮೇಲಿನ ಹಕ್ಕು) ದಾಖಲಿಸಲು 90 ದಿನ. ಮಾಲೀಕರು ನೋಟಿಸ್ ಆಫ್ ಕಂಪ್ಲೀಷನ್ ದಾಖಲಿಸಿದ್ದರೆ ನೇರ ಕಂಟ್ರಾಕ್ಟರ್‌ಗೆ 60, ಸಬ್‌ಗೆ 30. ಲೀನ್ ದಾಖಲಿಸಿದ 90 ದಿನದೊಳಗೆ ದಾವೆ ಹೂಡಬೇಕು. ಇವನ್ನು ಒಂದು ಹಾಳೆಯಲ್ಲಿ ಬರೆದು ಗಟ್ಟಿ ಮಾಡಿಕೊಂಡವರಿಗೆ ಹಣ ಕೊಟ್ಟು ಕೋಚಿಂಗ್ ಸೇರುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಬೋರ್ಡಿನ ವೆಬ್‌ಸೈಟಿನಲ್ಲಿ ಪ್ರತಿ ಪರೀಕ್ಷೆಗೂ ಸ್ಟಡಿ ಗೈಡ್ ಉಚಿತವಾಗಿ ಸಿಗುತ್ತದೆ. ಕೊನೆಯಲ್ಲಿ ಕಲ್ನಾರಿನ (ಆಸ್ಬೆಸ್ಟಾಸ್) ಬಗ್ಗೆ ಪುಸ್ತಕ ನೋಡಿಕೊಂಡೇ ಬರೆಯುವ ಇನ್ನೊಂದು ಚಿಕ್ಕ ಪರೀಕ್ಷೆ ಇದೆ. ಚಿಕ್ಕದೆಂದು ಮರೆತರೆ ಲೈಸೆನ್ಸ್ ಹೊರಬೀಳುವುದಿಲ್ಲ.

ಪಾಸಾದ ಮೇಲೆ ಬೋರ್ಡು ಉಳಿದದ್ದನ್ನು ಕೇಳುತ್ತದೆ: ಲೈಸೆನ್ಸ್ ಶುಲ್ಕ (ಸೋಲ್ ಓನರ್‌ಗೆ 200, ಉಳಿದವರಿಗೆ 350 ಡಾಲರ್), ಬಾಂಡ್, ಕೆಲಸಗಾರರ ವಿಮೆಯಾದ ವರ್ಕರ್ಸ್ ಕಾಂಪ್.

ಬಾಂಡಿನ ಮೊತ್ತ 2023ರ ಜನವರಿ 1ರಿಂದ 25,000 ಡಾಲರ್. ಮೊದಲು 15,000 ಇತ್ತು. 25,000 ಕಟ್ಟಬೇಕಿಲ್ಲ. ಜಾಮೀನು ನಿಲ್ಲುವ ಶ್ಯೂರಿಟಿ ಕಂಪನಿಗೆ ಅದರ ಸಣ್ಣದೊಂದು ಭಾಗವನ್ನು ಪ್ರೀಮಿಯಂ ಆಗಿ ಕೊಡುತ್ತೀರಿ, ದರ ನಿಮ್ಮ ಕ್ರೆಡಿಟ್ ಸ್ಕೋರ್ ನೋಡಿ ನಿಗದಿಯಾಗುತ್ತದೆ. ಇದನ್ನು ವಿಮೆ ಎಂದುಕೊಳ್ಳುವವರೇ ಹೆಚ್ಚು. ಬಾಂಡ್ ಎಂದರೆ ಜಾಮೀನು. ಗ್ರಾಹಕರಿಗೆ ನಷ್ಟವಾಯಿತೆಂದು ಸಾಬೀತಾದರೆ ಶ್ಯೂರಿಟಿ ಕಂಪನಿ ಅವರಿಗೆ ಕೊಡುತ್ತದೆ, ಕೊಟ್ಟ ಅಷ್ಟೂ ಹಣವನ್ನು ನಿಮ್ಮಿಂದ ವಸೂಲು ಮಾಡುತ್ತದೆ. ಬಾಂಡ್ ತೆಗೆದುಕೊಳ್ಳುವಾಗ ಸಹಿ ಹಾಕುವ ಇಂಡೆಮ್ನಿಟಿ ಪತ್ರದಲ್ಲಿ ಇದೇ ಬರೆದಿರುತ್ತದೆ. ಕಾರ್ಪೊರೇಷನ್ ಆದರೂ ಮಾಲೀಕರ ವೈಯಕ್ತಿಕ ಸಹಿ ಕೇಳುವುದು ಇದಕ್ಕೇ. ಹಾಗೆಯೇ 25,000 ಎಂಬುದು ಒಂದೊಂದು ಕೆಲಸಕ್ಕಲ್ಲ, ಎಲ್ಲ ದೂರುಗಳಿಗೂ ಸೇರಿ. ಕಾರ್ಪೊರೇಷನ್ನಿನ ಕ್ವಾಲಿಫೈಯರ್‌ಗೆ ಕನಿಷ್ಠ ಶೇ. 10 ಪಾಲು ಇಲ್ಲದಿದ್ದರೆ ಅವರ ಹೆಸರಿನಲ್ಲಿ ಇನ್ನೊಂದು 25,000ದ ಬಾಂಡ್ ಬೇಕು.

ಬಾಂಡ್ ವಾಪಸ್ ಬರುವುದಕ್ಕೆ ದೊಡ್ಡ ಕಾರಣಗಳೇನೂ ಬೇಡ. ಬೋರ್ಡಿನ ದಾಖಲೆಯಲ್ಲಿರುವ ಹೆಸರು, ಲೈಸೆನ್ಸ್ ಅಥವಾ ಅರ್ಜಿ ಸಂಖ್ಯೆ ಬಾಂಡಿನ ಮೇಲೆ ಅಕ್ಷರಶಃ ಹಾಗೇ ಇರಬೇಕು. ಅಲ್ಲಿ “ಇಂಕ್.” ಇದ್ದು ಇಲ್ಲಿ “ಇನ್‌ಕಾರ್ಪೊರೇಟೆಡ್” ಆದರೆ, ವ್ಯಾಪಾರದ ಹೆಸರು ಹಾಕಿ ಮಾಲೀಕರ ಹೆಸರು ಬಿಟ್ಟರೆ, ಮಧ್ಯದ ಇನಿಷಿಯಲ್ ತಪ್ಪಿದರೆ ವಾಪಸ್. ಕರ್ನಾಟಕದ ಹೆಸರುಗಳಿಗೆ ಈ ತೊಂದರೆ ಸ್ವಲ್ಪ ಜಾಸ್ತಿ: ಊರಿನ ಹೆಸರೋ ತಂದೆಯ ಹೆಸರೋ ಒಂದು ದಾಖಲೆಯಲ್ಲಿ ಮೊದಲಿಗೆ, ಇನ್ನೊಂದರಲ್ಲಿ ಕೊನೆಗೆ, ಮತ್ತೊಂದರಲ್ಲಿ ಬರೀ ಒಂದಕ್ಷರ. ಡ್ರೈವಿಂಗ್ ಲೈಸೆನ್ಸಿನಲ್ಲಿ ಹೇಗಿದೆಯೋ ಹಾಗೆ ಎಲ್ಲ ಕಡೆ ಬರೆಯುವುದೆಂದು ಮೊದಲೇ ತೀರ್ಮಾನಿಸಿ. ಬಾಂಡ್ ಜಾರಿಯಾದ ತಾರೀಖಿನಿಂದ 90 ದಿನದೊಳಗೆ ಬೋರ್ಡನ್ನು ತಲುಪಬೇಕು ಎಂಬುದನ್ನೂ ನೆನಪಿಡಿ. ಪರೀಕ್ಷೆಗೂ ಮೊದಲೇ ಆತುರದಿಂದ ಬಾಂಡ್ ಕೊಂಡಿಟ್ಟುಕೊಂಡವರು ಈ ಗಡುವು ಮೀರಿ ಮತ್ತೆ ಮಾಡಿಸಿಕೊಳ್ಳುತ್ತಾರೆ.

ವರ್ಕರ್ಸ್ ಕಾಂಪ್ ಎಂದರೆ ಕೆಲಸಗಾರರಿಗೆ ಕೆಲಸದಲ್ಲಿ ಗಾಯವಾದರೆ ಚಿಕಿತ್ಸೆ, ಕಳೆದುಕೊಂಡ ಕೂಲಿ ಕೊಡುವ ವಿಮೆ. ಒಬ್ಬ ನೌಕರನಿದ್ದರೂ ಕಡ್ಡಾಯ. ನೌಕರರೇ ಇಲ್ಲದವರು ವಿನಾಯಿತಿಯ ಫಾರಂಗೆ ಸಹಿ ಹಾಕಿ ಕೊಡಬಹುದು, ಆದರೆ ಎಲ್ಲರಿಗೂ ಅಲ್ಲ. ರೂಫಿಂಗ್‌ನವರಿಗೆ ಈ ವಿನಾಯಿತಿ ಇಲ್ಲ. 2023ರ ಜನವರಿ 1ರಿಂದ ಕಾಂಕ್ರೀಟ್, ಎ.ಸಿ.-ಹೀಟಿಂಗ್, ಕಲ್ನಾರು ತೆಗೆಯುವ ಕೆಲಸ, ಮರ ಕಡಿಯುವ ಕೆಲಸದವರಿಗೂ ಇಲ್ಲ, ಒಬ್ಬರೇ ದುಡಿಯುತ್ತಿದ್ದರೂ ಪಾಲಿಸಿ ಬೇಕು. ಉಳಿದ ಎಲ್ಲ ವರ್ಗಗಳಿಗೂ 2026ರಿಂದ ಬರಬೇಕಿದ್ದ ಈ ನಿಯಮವನ್ನು ಎಸ್‌ಬಿ 1455 ಮಸೂದೆ 2028ರ ಜನವರಿ 1ಕ್ಕೆ ಮುಂದೂಡಿದೆ. ಯಾವ ಖಾಸಗಿ ಕಂಪನಿಯೂ ಪಾಲಿಸಿ ಕೊಡದಿದ್ದರೆ ಸ್ಟೇಟ್ ಕಾಂಪೆನ್ಸೇಷನ್ ಇನ್ಶೂರೆನ್ಸ್ ಫಂಡ್ ಇದೆ.

ಪಾಲಿಸಿಯ ಸರ್ಟಿಫಿಕೇಟನ್ನು ವಿಮಾ ಕಂಪನಿ ಬೋರ್ಡಿಗೆ ಕಳಿಸಬೇಕು. ಏಜೆಂಟರು ನಿಮಗೆ ಇಮೇಲ್ ಮಾಡಿದ ಪಿಡಿಎಫ್ ಬೋರ್ಡಿನ ಲೆಕ್ಕದಲ್ಲಿ ಇಲ್ಲ. ಜಾರಿಯಾದ 90 ದಿನದೊಳಗೆ ತಲುಪಿದರೆ ಜಾರಿಯಾದ ದಿನದಿಂದಲೇ ಇದ್ದಂತೆ ಪರಿಗಣನೆ, ಮೀರಿದರೆ ಮಧ್ಯೆ ಕಂದಕ. ಪ್ರತಿ ವರ್ಷ ಪಾಲಿಸಿ ನವೀಕರಿಸುವಾಗ, ಕಂಪನಿ ಬದಲಿಸುವಾಗ ಈ ಕಂದಕ ಬೀಳುತ್ತದೆ. ಹಳೆಯ ಕಂಪನಿ ರದ್ದತಿಯ ನೋಟಿಸನ್ನು ತಪ್ಪದೆ ಬೋರ್ಡಿಗೆ ಕಳಿಸುತ್ತದೆ, ಹೊಸದು ಸರ್ಟಿಫಿಕೇಟ್ ಕಳಿಸಲು ಮರೆಯುತ್ತದೆ. ವಿಚಾರಣೆ ಏನೂ ಇಲ್ಲದೆ, ಕಾನೂನಿನ ಬಲದಿಂದಲೇ ಲೈಸೆನ್ಸ್ ಸಸ್ಪೆಂಡ್. ಕಂಪನಿ ಬದಲಿಸಿದ ಎರಡು ವಾರದ ನಂತರ ಬೋರ್ಡಿನ ವೆಬ್‌ಸೈಟಿನಲ್ಲಿ ನಿಮ್ಮದೇ ನಂಬರ್ ಹಾಕಿ ನೋಡಿ. ಪಾಲಿಸಿ ಸಂಖ್ಯೆ ಹೊಸದು ಕಾಣಬೇಕು.

ನೌಕರರಿದ್ದೂ ವಿನಾಯಿತಿಗೆ ಸಹಿ ಹಾಕುವುದು, ಹತ್ತು ಜನರಿದ್ದು ಇಬ್ಬರ ಕೂಲಿ ತೋರಿಸುವುದು ಪ್ರೀಮಿಯಂ ಉಳಿಸುವ ದಾರಿ ಎಂದು ಕೆಲವರ ಎಣಿಕೆ. 2007ರ ರೈಟ್ ವರ್ಸಸ್ ಐಸಾಕ್ ತೀರ್ಪು ಈ ಎಣಿಕೆಯನ್ನು ತಲೆಕೆಳಗು ಮಾಡಿತು. ಕೂಲಿಯನ್ನು ಕಡಿಮೆ ತೋರಿಸಿದ ಕಂಟ್ರಾಕ್ಟರ್‌ಗೆ ಸರಿಯಾದ ವಿಮೆ ಇರಲಿಲ್ಲ, ಆದ್ದರಿಂದ ಲೈಸೆನ್ಸ್ ತಾನಾಗಿಯೇ ಸಸ್ಪೆಂಡ್ ಆಗಿತ್ತು, ಆದ್ದರಿಂದ 7031ರ ಪ್ರಕಾರ ಬಾಕಿ ಹಣ ಕೇಳುವ ಹಕ್ಕಿಲ್ಲ ಎಂದಿತು ಮೇಲ್ಮನವಿ ನ್ಯಾಯಾಲಯ. ಬೋರ್ಡಿನ ದಾಖಲೆಯಲ್ಲಿ ಲೈಸೆನ್ಸ್ ಆಕ್ಟಿವ್ ಎಂದು ಕಾಣುತ್ತಿದ್ದರೂ ಹೀಗಾಗಬಹುದು. ಹಣ ಕೊಡಲು ಮನಸ್ಸಿಲ್ಲದ ಗ್ರಾಹಕರ ವಕೀಲರು ಮೊದಲು ತರಿಸುವುದು ನಿಮ್ಮ ಪೇರೋಲ್ ದಾಖಲೆಯನ್ನು.

ಪ್ರೀಮಿಯಂ ಲೆಕ್ಕ ಹಾಕುವುದು ಪ್ರತಿ 100 ಡಾಲರ್ ಕೂಲಿಗೆ ಇಷ್ಟು ಎಂದು, ಕಸುಬಿಗೊಂದು ಕೋಡ್ ಪ್ರಕಾರ. ಕ್ಯಾಲಿಫೋರ್ನಿಯಾದಲ್ಲಿ ಹಲವು ಕಸುಬುಗಳಿಗೆ ಎರಡೆರಡು ಕೋಡ್ ಇವೆ: ಮರಗೆಲಸಕ್ಕೆ 5403 ಮತ್ತು 5432, ಪೇಂಟಿಂಗ್‌ಗೆ 5474 ಮತ್ತು 5482. ಗಂಟೆಯ ಕೂಲಿ ನಿಗದಿತ ಮಟ್ಟಕ್ಕಿಂತ ಕೆಳಗಿದ್ದರೆ ಮೊದಲನೆಯದು, ದರ ಹೆಚ್ಚು. ಮೇಲಿದ್ದರೆ ಎರಡನೆಯದು, ದರ ಬಹಳ ಕಡಿಮೆ. ವರ್ಷದ ಕೊನೆಗೆ ಆಡಿಟರ್ ಬಂದು ಕೂತಾಗ ಗಂಟೆಗಳ ದಾಖಲೆ ಇಲ್ಲದಿದ್ದರೆ, ನೀವು ಎಷ್ಟೇ ಒಳ್ಳೆಯ ಕೂಲಿ ಕೊಟ್ಟಿರಲಿ, ಎಲ್ಲರನ್ನೂ ದುಬಾರಿ ಕೋಡಿಗೆ ಹಾಕುತ್ತಾರೆ. ಯಾರು, ಯಾವ ದಿನ, ಎಷ್ಟು ಗಂಟೆ, ಯಾವ ಕಸುಬು ಎಂಬ ನಾಲ್ಕು ಕಾಲಂನ ಟೈಮ್‌ಕಾರ್ಡ್ ಸಾಕು. ಓವರ್‌ಟೈಮಿನಲ್ಲಿ ಹೆಚ್ಚುವರಿಯಾಗಿ ಕೊಡುವ ಅರ್ಧ ಭಾಗವನ್ನು ಬೇರೆ ಬರೆದಿದ್ದರೆ ಅದರ ಮೇಲೆ ಪ್ರೀಮಿಯಂ ಬೀಳುವುದಿಲ್ಲ.

ಆಡಿಟ್‌ನಲ್ಲಿ ಮೈಮೇಲೆ ಬರುವ ದೊಡ್ಡ ಬಿಲ್ ಸಬ್‌ಕಂಟ್ರಾಕ್ಟರ್‌ಗಳದ್ದು. ಲೈಸೆನ್ಸ್ ಬೇಕಾದ ಕೆಲಸಕ್ಕೆ ಲೈಸೆನ್ಸ್ ಇಲ್ಲದವರನ್ನು ಹಚ್ಚಿದರೆ ಲೇಬರ್ ಕೋಡಿನ ದೃಷ್ಟಿಯಲ್ಲಿ ಅವರು ನಿಮ್ಮ ನೌಕರರೇ, 1099 ಕೊಟ್ಟಿದ್ದರೂ ಸರಿ. ಅವರಿಗೆ ಕೊಟ್ಟ ಹಣ ನಿಮ್ಮ ಕೂಲಿಯ ಲೆಕ್ಕಕ್ಕೆ ಸೇರುತ್ತದೆ, ಅವರ ಆಳು ಏಣಿಯಿಂದ ಬಿದ್ದರೆ ಕ್ಲೇಮು ನಿಮ್ಮ ಪಾಲಿಸಿಯ ಮೇಲೆ. ಪ್ರತಿ ಸಬ್‌ನ ಲೈಸೆನ್ಸ್ ಪುಟ, ವರ್ಕರ್ಸ್ ಕಾಂಪ್ ಸರ್ಟಿಫಿಕೇಟ್ ಎರಡನ್ನೂ ಕೆಲಸ ಶುರುವಾದ ದಿನವೇ ಪ್ರಿಂಟ್ ಮಾಡಿ ಇಟ್ಟುಕೊಳ್ಳಬೇಕು. ಆಡಿಟ್ ದಿನ ಕೇಳಿದರೆ ಅವರು ಫೋನ್ ಎತ್ತುವುದಿಲ್ಲ.

ಜನರಲ್ ಲಯಬಿಲಿಟಿ ವಿಮೆಯನ್ನು, ಎಲ್ಎಲ್‌ಸಿ ಬಿಟ್ಟು, ಬೋರ್ಡು ಕಡ್ಡಾಯ ಮಾಡಿಲ್ಲ. ಮನೆ ನವೀಕರಣದ ಕರಾರಿನಲ್ಲಿ ಅದು ಇದೆಯೋ ಇಲ್ಲವೋ ಎಂದು ಬರೆಯಬೇಕು ಅಷ್ಟೆ. ಆದರೂ ದೊಡ್ಡ ಕಂಟ್ರಾಕ್ಟರ್‌ಗಳ ಕೈಕೆಳಗೆ ಕೆಲಸ ಬೇಕೆಂದರೆ ಒಂದು ಘಟನೆಗೆ 10 ಲಕ್ಷ, ಒಟ್ಟು 20 ಲಕ್ಷ ಡಾಲರ್ ಎಂಬುದು ಸಾಮಾನ್ಯ ಬೇಡಿಕೆ. ಅವರು ತಮ್ಮನ್ನು ಅಡಿಷನಲ್ ಇನ್ಶೂರ್ಡ್ (ನಿಮ್ಮ ಪಾಲಿಸಿಯ ರಕ್ಷಣೆ ತಮಗೂ ಸಿಗುವಂತೆ) ಮಾಡಿ ಎಂದು ಕೇಳುತ್ತಾರೆ. ಆಗ ನೋಡಬೇಕಾದ, ಪಾಲಿಸಿಗೆ ಸೇರಿಸುವ ಪುಟಗಳಾದ ಎಂಡಾರ್ಸ್‌ಮೆಂಟ್ ಎರಡು: ನಡೆಯುತ್ತಿರುವ ಕೆಲಸಕ್ಕೆ ಸಿಜಿ 20 10, ಮುಗಿದ ಕೆಲಸಕ್ಕೆ ಸಿಜಿ 20 37. ಒಂದು ಪುಟದ ಅಕಾರ್ಡ್ 25 ಸರ್ಟಿಫಿಕೇಟ್ ಮಾಹಿತಿಗೆ ಮಾತ್ರ, ಅದರಿಂದ ಯಾವ ಹಕ್ಕೂ ಬರುವುದಿಲ್ಲ ಎಂದು ಅದರ ಮೇಲೆಯೇ ಅಚ್ಚಾಗಿರುತ್ತದೆ. ಅಗ್ಗದ ಪಾಲಿಸಿಗಳಲ್ಲಿ ಹೊಸ ಮನೆ, ಕಾಂಡೊ ಕೆಲಸ ಹೊರಗೆ; ನೆಲ ಕುಸಿತ ಹೊರಗೆ; ಸಬ್‌ಗೆ ವಿಮೆ ಇಲ್ಲದಿದ್ದರೆ ಕ್ಲೇಮೇ ಇಲ್ಲ ಎಂಬ ಷರತ್ತು ಒಳಗೆ. ಕೊಳ್ಳುವ ಮುನ್ನ ಎಕ್ಸ್‌ಕ್ಲೂಷನ್ ಪುಟಗಳನ್ನು ಓದದಿದ್ದರೆ ಪ್ರೀಮಿಯಂ ಕಟ್ಟಿಯೂ ಬರಿಗೈ. ಕಣ್ಣಿಗೆ ಕಾಣದ ದೋಷಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮುಗಿದ ಹತ್ತು ವರ್ಷದವರೆಗೂ ದಾವೆ ಹೂಡಲು ಅವಕಾಶವಿರುವುದರಿಂದ, ಹಳೆಯ ಪಾಲಿಸಿಗಳನ್ನು ಬಿಸಾಡಬೇಡಿ.

ಸರ್ಕಾರಿ ಕೆಲಸಕ್ಕೆ ಕೈಹಾಕಿದರೆ ಕಾರ್ಮಿಕ ಸಂಬಂಧಗಳ ಇಲಾಖೆಯಲ್ಲಿ ಪ್ರತ್ಯೇಕ ನೋಂದಣಿ, ನಿಗದಿತ ಕೂಲಿ, 25,000 ಡಾಲರ್ ಮೀರಿದ ಕೆಲಸಕ್ಕೆ ಪೇಮೆಂಟ್ ಬಾಂಡ್ ಬೇಕು. ಅದೇ ಒಂದು ಬೇರೆ ಪ್ರಪಂಚ.

ಕೊನೆಯದಾಗಿ, ವ್ಯವಹಾರ ಬೆಳೆದು ಸೋಲ್ ಓನರ್‌ನಿಂದ ಕಾರ್ಪೊರೇಷನ್‌ಗೆ ಹೋಗುವ ಹೊತ್ತು. ಹಳೆಯ ಲೈಸೆನ್ಸ್ ಕಾರ್ಪೊರೇಷನ್ನಿಗೆ ತಾನಾಗಿ ಬರುವುದಿಲ್ಲ. ಲೈಸೆನ್ಸ್ ಹೊಂದಿದ್ದವರ ಬಳಿ ಶೇ. 51 ಅಥವಾ ಹೆಚ್ಚು ಷೇರು ಇದ್ದರೆ ಅದೇ ನಂಬರನ್ನು ಕಾರ್ಪೊರೇಷನ್ನಿಗೆ ಕೇಳಬಹುದು. ಅರ್ಜಿ, ಶುಲ್ಕ ಮಾತ್ರ ಹೊಸದು. ಹಳೆಯ ನಂಬರನ್ನೇ ಹೊಸ ಲೆಟರ್‌ಹೆಡ್ಡಿನ ಮೇಲೆ ಅಚ್ಚು ಹಾಕಿಸಿ, ಕಾರ್ಪೊರೇಷನ್ ಹೆಸರಿನಲ್ಲಿ ಕರಾರಿಗೆ ಸಹಿ ಹಾಕಿಬಿಟ್ಟರೆ ಆ ಕರಾರಿನ ಮಟ್ಟಿಗೆ ಲೈಸೆನ್ಸ್ ಇಲ್ಲ. ಕ್ರಮ ಹೀಗಿರಲಿ: ಸೆಕ್ರೆಟರಿ ಆಫ್ ಸ್ಟೇಟ್‌ನಲ್ಲಿ ನೋಂದಣಿ, ಬೋರ್ಡಿಗೆ ಅರ್ಜಿ, ಹೊಸ ಹೆಸರಿನಲ್ಲಿ ಬಾಂಡ್, ಹೊಸ ಹೆಸರಿನಲ್ಲಿ ವರ್ಕರ್ಸ್ ಕಾಂಪ್, ಲಯಬಿಲಿಟಿ. ಕಾರ್ಪೊರೇಷನ್ನಿನ ಹೆಸರಿನ ಎದುರು ಬೋರ್ಡಿನ ವೆಬ್‌ಸೈಟಿನಲ್ಲಿ ಆಕ್ಟಿವ್ ಎಂದು ಕಾಣುವವರೆಗೆ ಹೊಸ ಕೆಲಸಗಳಿಗೂ ಹಳೆಯ ಹೆಸರಿನಲ್ಲೇ ಸಹಿ ಹಾಕಿ. ಹಳೆಯ ಹೆಸರಿನಲ್ಲಿ ಹಿಡಿದ ಕೆಲಸ ಮುಗಿಯುವವರೆಗೆ ಆ ಲೈಸೆನ್ಸನ್ನೂ ಅದರ ಬಾಂಡನ್ನೂ ಏನು ಮಾಡಬೇಕೆಂದು ಅರ್ಜಿ ಹಾಕುವ ಮೊದಲೇ ವಕೀಲರನ್ನು ಕೇಳಿಕೊಳ್ಳಿ. ಅರ್ಧ ಕೆಲಸ ಒಂದು ಹೆಸರಿನಲ್ಲಿ, ಅರ್ಧ ಇನ್ನೊಂದರಲ್ಲಿ ಬಿಲ್ ಮಾಡಬೇಡಿ.